ಮಳೆಗಾಲದ ಕರೆಂಟು, 20 ಎಂಬಿಪಿಎಸ್ ಲೈನು: 380 ಜಿಬಿ ದಾಖಲೆಗಳನ್ನು ಬೀಗ ಹಾಕಿ ಕ್ಲೌಡಿಗೆ ಕಳಿಸುವುದು ಹೇಗೆ?

ತುಂಗಾತೀರ, ತೀರ್ಥಹಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಒಂದು ಸಹಕಾರ ಸಂಘಕ್ಕೆ ಲೆಕ್ಕಪತ್ರದ ಕೆಲಸಕ್ಕೆಂದು ಸೇರಿದವನು ನಾನು. ಕಂಪ್ಯೂಟರಿನ ಬಗ್ಗೆ ಒಂದಿಷ್ಟು ತಿಳಿದಿದೆ ಎಂಬ ಕಾರಣಕ್ಕೆ ಸರ್ವರಿನ ಉಸ್ತುವಾರಿಯೂ ನನ್ನ ತಲೆಗೇ ಬಂದಿದೆ. ಇರುವುದು ಉಬುಂಟು ಹಾಕಿದ ಒಂದೇ ಸರ್ವರ್. ಅಡಿಕೆ ವಹಿವಾಟಿನ ಮೈಎಸ್‌ಕ್ಯುಎಲ್ ಡೇಟಾಬೇಸ್ ಸುಮಾರು 6 ಜಿಬಿ ಇದೆ. ಹಳೆಯ ಲೆಡ್ಜರುಗಳು, ಸದಸ್ಯರ ಅರ್ಜಿ, ಪಹಣಿ, ಸಾಲಪತ್ರ ಮುಂತಾದವುಗಳ ಸ್ಕ್ಯಾನ್ ಪ್ರತಿಗಳು ವರ್ಷವಾರು ಫೋಲ್ಡರುಗಳಲ್ಲಿ ಸುಮಾರು 380 ಜಿಬಿಯಷ್ಟಿವೆ.

ಇಲ್ಲಿಯವರೆಗೆ ವಾರಕ್ಕೊಮ್ಮೆ ಆರ್‌ಸಿಂಕ್ (ಫೈಲು ನಕಲಿಸುವ ಉಪಕರಣ) ಓಡಿಸಿ ಎಲ್ಲವನ್ನೂ ಒಂದು ಯುಎಸ್‌ಬಿ ಡಿಸ್ಕಿಗೆ ನಕಲಿಸುತ್ತಿದ್ದೆ. ಈ ವರ್ಷ ಮುಂಗಾರಿಗೆ ಮೊದಲು ಬಂದ ಗುಡುಗಿನ ಮಳೆಯಲ್ಲಿ ಸಿಡಿಲು ಹೊಡೆದು ರೂಟರೂ ಸ್ವಿಚ್ಚೂ ಸುಟ್ಟವು. ಸೋಮಾರಿತನದಿಂದ ಸರ್ವರಿಗೆ ಚುಚ್ಚಿಯೇ ಬಿಟ್ಟಿದ್ದ ಆ ಡಿಸ್ಕು ಕೂಡ ಅವುಗಳ ಜೊತೆಗೇ ಹೋಯಿತು. ಸರ್ವರಿನ ಒಳಗಿನ ಡಿಸ್ಕಿಗೆ ಏನೂ ಆಗಲಿಲ್ಲವಾದ್ದರಿಂದ ಇವತ್ತು ಇಲ್ಲಿ ಕುಳಿತು ಪ್ರಶ್ನೆ ಕೇಳುವ ಸ್ಥಿತಿಯಲ್ಲಿದ್ದೇನೆ.

ಕ್ಲೌಡಿನಲ್ಲಿ ಇನ್ನೊಂದು ಪ್ರತಿ ಇಡಲು ಆಡಳಿತ ಮಂಡಳಿ ಒಪ್ಪಿದೆ. ಆದರೆ ಸದಸ್ಯರ ಕಾಗದಪತ್ರಗಳನ್ನು ಜಾಗ ಕೊಡುವ ಕಂಪನಿಯವರೂ ಓದುವಂತಿರಬಾರದು ಎಂಬ ಷರತ್ತು ಹಾಕಿದೆ. ಅದು ನ್ಯಾಯವೂ ಹೌದು. ನಮ್ಮ ಫೈಬರ್ ಲೈನಿನ ಅಪ್‌ಲೋಡ್ ವೇಗ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್), ಹಗಲಿನಲ್ಲಿ ಅದು ಬಿಲ್ಲಿಂಗಿಗೆ ಬೇಕು. ಜೂನ್ ಕಳೆದ ಮೇಲೆ ಮರ ಬಿದ್ದು ತಂತಿ ಹರಿಯುವುದು, ಕರೆಂಟು ಹೋಗುವುದು ನಿತ್ಯದ ಮಾತು, ಇನ್ವರ್ಟರ್ ಎರಡು ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ. ಅಪ್‌ಲೋಡ್ ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರು ಮಾಡಬೇಕೇ? ಯಾವ ಉಪಕರಣ ಸೂಕ್ತ? ಪಾಸ್‌ವರ್ಡನ್ನು ಎಲ್ಲಿಡಬೇಕು? ಆದೇಶಸಾಲಿನಲ್ಲಿ ಕೆಲಸ ಮಾಡಲು ನನಗೆ ಅಂಜಿಕೆಯಿಲ್ಲ, ಅನುಭವ ಮಾತ್ರ ಕಡಿಮೆ.

ವರದಾಮೂಲ, ಸಾಗರ

ತುಂಗಾತೀರ ಅವರೇ, ಉಪಕರಣಕ್ಕಿಂತ ಮೊದಲು ಲೆಕ್ಕ ನೋಡೋಣ. 380 ಜಿಬಿ ಎಂದರೆ 30,40,000 ಮೆಗಾಬಿಟ್. 20 ಎಂಬಿಪಿಎಸ್ ಪೂರ್ತಿ ಸಿಕ್ಕಿದರೂ 42 ಗಂಟೆ ಬೇಕು. ಅರ್ಧ ವೇಗವನ್ನಷ್ಟೇ ಬಳಸಿದರೆ 84 ಗಂಟೆ. ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಮಾತ್ರ ಕಳಿಸುವುದಾದರೆ ಹತ್ತು ರಾತ್ರಿಗಳ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಹತ್ತು ರಾತ್ರಿ ತಡೆಯಿಲ್ಲದೆ ಸಾಗುತ್ತದೆಂದು ನಂಬುವುದು ಬೇಡ. ಅಡಚಣೆ ಬಂದೇ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಅದನ್ನು ಸಹಿಸುವ ಉಪಕರಣವನ್ನೇ ಆರಿಸಬೇಕು.

ಆರ್‌ಸಿಂಕ್ 1996ರಿಂದ ಬಳಕೆಯಲ್ಲಿರುವ, ನಾನೂ ದಿನವೂ ಬಳಸುವ ಉಪಕರಣ. ಆದರೆ ನೀವು ಬಳಸಿದ ರೀತಿಯಲ್ಲಿ ಅದು ಇವತ್ತಿನ ಸ್ಥಿತಿಯ ಪಡಿಯಚ್ಚನ್ನು ಕೊಡುತ್ತದೆ, ನಿನ್ನೆಯದನ್ನು ಉಳಿಸುವುದಿಲ್ಲ. ಇವತ್ತು ಯಾರೋ ಒಂದು ಫೋಲ್ಡರನ್ನು ಅಳಿಸಿದರೆ, ‘--ಡಿಲೀಟ್’ ಹಾಕಿದ ಆರ್‌ಸಿಂಕ್ ನಾಳೆ ಪ್ರತಿಯಲ್ಲೂ ಅದನ್ನು ಶ್ರದ್ಧೆಯಿಂದ ಅಳಿಸುತ್ತದೆ. ತಲುಪಿದ ಜಾಗದಲ್ಲಿ ಎಲ್ಲವೂ ಬಿಚ್ಚಿದ ಪುಸ್ತಕದಂತೆ ಇರುವುದು ಅದರ ಇನ್ನೊಂದು ಕೊರತೆ.

ನಿಮ್ಮ ಷರತ್ತಿಗೆ ರೆಸ್ಟಿಕ್ ಎಂಬ ಬ್ಯಾಕಪ್ ಉಪಕರಣ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಎನ್‌ಕ್ರಿಪ್ಶನ್ ಬೇಕೇ ಬೇಡವೇ ಎಂಬ ಆಯ್ಕೆಯನ್ನು ಬಳಕೆದಾರನ ಮರ್ಜಿಗೆ ಬಿಟ್ಟಿಲ್ಲ: ಫೈಲುಗಳ ಒಳಗಿನದೂ ಅವುಗಳ ಹೆಸರುಗಳೂ ನಿಮ್ಮ ಸರ್ವರಿನಲ್ಲೇ ಎಇಎಸ್-256 ಎಂಬ ವಿಧಾನದಿಂದ ಗೂಢಲಿಪಿಗೆ ತಿರುಗಿ, ತಿದ್ದಿದರೆ ಗೊತ್ತಾಗುವಂತೆ ಪಾಲಿ1305 ಮೊಹರು ಬಿದ್ದ ಮೇಲೆಯೇ ಹೊರಗೆ ಹೋಗುತ್ತವೆ. ಕಂಪನಿಯವರಿಗೆ ಕಾಣುವುದು ಒಟ್ಟು ಗಾತ್ರ ಮತ್ತು ನೀವು ಕಳಿಸಿದ ಹೊತ್ತು, ಅಷ್ಟೇ. ಫೈಲುಗಳನ್ನು ಅದು ಸರಾಸರಿ ಒಂದು ಎಂಬಿಯಷ್ಟರ ತುಂಡುಗಳಾಗಿ ಕತ್ತರಿಸುತ್ತದೆ. ಒಮ್ಮೆ ಮೇಲೆ ಹೋದ ತುಂಡನ್ನು ಮತ್ತೆ ಕಳಿಸುವುದಿಲ್ಲ. ಹಾಗಾಗಿ ‘ಲೆಡ್ಜರ್ ಹಳೆಯದು’ ಎಂಬ ಫೋಲ್ಡರಿನ ಹೆಸರನ್ನು ನಾಳೆ ಬದಲಿಸಿದರೂ 40 ಜಿಬಿ ಮತ್ತೆ ಹರಿಯುವುದಿಲ್ಲ.

ಕರೆಂಟು ಹೋದಾಗ ಏನಾಗುತ್ತದೆ ಎಂದು ಕೇಳಿದ್ದೀರಿ. ಅಲ್ಲಿಯವರೆಗೆ ಮೇಲೆ ಹೋದ ತುಂಡುಗಳು, ಕೊನೆಯ ಕೆಲವು ನಿಮಿಷಗಳವನ್ನು ಬಿಟ್ಟು, ಮುಂದಿನ ಓಟದಲ್ಲಿ ಬಳಕೆಗೆ ಬರುತ್ತವೆ. ಆದರೆ ಓಟ ಪೂರ್ತಿಯಾಗುವವರೆಗೆ ‘ಸ್ನ್ಯಾಪ್‌ಶಾಟ್’ ಎಂಬುದು (ಆ ಹೊತ್ತಿನ ಫೈಲುಗಳ ಪೂರ್ಣ ಚಿತ್ರ) ದಾಖಲಾಗುವುದಿಲ್ಲ, ಮರುದಿನ ಎಲ್ಲ ಫೈಲುಗಳನ್ನೂ ಡಿಸ್ಕಿನಿಂದ ಮತ್ತೆ ಓದಿ ಹೋಲಿಸಬೇಕಾಗುತ್ತದೆ. ಆದ್ದರಿಂದ ಮೊದಲ ಸಲ 380 ಜಿಬಿಯನ್ನು ಒಂದೇ ಹೊರೆಯಾಗಿ ಹೊರಿಸದೆ ವರ್ಷಕ್ಕೊಂದು ಫೋಲ್ಡರಿನಂತೆ ಕಳಿಸಿ. ಒಂದೊಂದು ಮುಗಿದಾಗಲೂ ಒಂದೊಂದು ಸ್ನ್ಯಾಪ್‌ಶಾಟ್ ಭದ್ರವಾಗುತ್ತದೆ. ಎಲ್ಲವೂ ಹೋದ ಮೇಲೆ ಇಡೀ ಸ್ಕ್ಯಾನ್ ಫೋಲ್ಡರಿಗೆ ಒಂದೇ ಆದೇಶ ಕೊಟ್ಟರಾಯಿತು, ತುಂಡುಗಳು ಆಗಲೇ ಅಲ್ಲಿರುತ್ತವೆ.

ನಾನು ಬಳಸುವ ಸಾಲು ಇದು (ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು):

ಟೈಮ್‌ಔಟ್ --ಸಿಗ್ನಲ್=ಇಂಟ್ 9ಎಚ್ ರೆಸ್ಟಿಕ್ ಬ್ಯಾಕಪ್ --ಲಿಮಿಟ್-ಅಪ್‌ಲೋಡ್ 1200 /ಎಸ್‌ಆರ್‌ವಿ/ಸ್ಕ್ಯಾನ್/1998

ಇಲ್ಲಿ 1200 ಎಂಬುದು ಸೆಕೆಂಡಿಗೆ ಇಷ್ಟು ಕಿಲೋಬೈಟ್ ಎಂಬ ಮಿತಿ, ಅಂದರೆ ಹತ್ತು ಎಂಬಿಪಿಎಸ್‌ಗೆ ತುಸು ಕಡಿಮೆ. ‘ಟೈಮ್‌ಔಟ್’ ಒಂಬತ್ತು ಗಂಟೆಯಾದ ಕೂಡಲೇ ಕಂಟ್ರೋಲ್-ಸಿ ಒತ್ತಿದಂತೆಯೇ ಸೌಮ್ಯವಾಗಿ ನಿಲ್ಲಿಸುತ್ತದೆ, ರೆಸ್ಟಿಕ್ ಕೆಲಸದ ಹೊತ್ತಿಗೆ ಭಂಡಾರಕ್ಕೆ (ಕ್ಲೌಡಿನಲ್ಲಿ ತುಂಡುಗಳು ಕೂಡಿರುವ ಜಾಗ) ತಾನು ಹಾಕಿಕೊಂಡ ಬೀಗವನ್ನು ತೆಗೆದೇ ಹೊರಬೀಳುತ್ತದೆ. ಮೊದಲ ಹತ್ತು ರಾತ್ರಿ ಇದನ್ನು ಟೀಮಕ್ಸ್ ಎಂಬ ಉಪಕರಣದ ಒಳಗೆ ಓಡಿಸಿ. ಮನೆಯಿಂದ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಪ್ರವೇಶ) ಮಾಡಿದ ಸಂಪರ್ಕ ಕಡಿದರೂ ಕೆಲಸ ನಿಲ್ಲುವುದಿಲ್ಲ.

ಆಮೇಲೆ ದಿನನಿತ್ಯದ ಓಟಕ್ಕೆ ಕ್ರಾನ್ (ನಿಗದಿತ ಹೊತ್ತಿಗೆ ಆದೇಶ ಓಡಿಸುವ ವ್ಯವಸ್ಥೆ) ಬೇಡ. ರಾತ್ರಿ ಹತ್ತಕ್ಕೆ ಯಂತ್ರ ಆರಿದ್ದರೆ ಕ್ರಾನ್ ಆ ದಿನದ ಸರದಿಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅದೇ ಕೆಲಸ ಮಾಡುವ ಸಿಸ್ಟಮ್‌ಡಿ ಟೈಮರಿನಲ್ಲಿ ‘ಪರ್ಸಿಸ್ಟೆಂಟ್=ಟ್ರೂ’ ಎಂದು ಬರೆದರೆ, ತಪ್ಪಿದ ಸರದಿಯನ್ನು ಯಂತ್ರ ಎದ್ದ ಕೂಡಲೇ ಓಡಿಸುತ್ತದೆ. ಇದರಲ್ಲಿ ಒಂದು ಕೊಕ್ಕೆ ಇದೆ: ಕರೆಂಟು ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಬಿಲ್ಲಿಂಗಿನ ನಡುವೆಯೇ ಬ್ಯಾಕಪ್ ಶುರುವಾಗುತ್ತದೆ. ವೇಗದ ಮಿತಿಯನ್ನು ಖಾಯಮ್ಮಾಗಿ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಪಾಸ್‌ವರ್ಡನ್ನು ಆದೇಶದ ಸಾಲಿನಲ್ಲಿ ಎಂದೂ ಬರೆಯಬೇಡಿ. ‘ಪಿಎಸ್’ (ಓಡುತ್ತಿರುವ ಆದೇಶಗಳ ಪಟ್ಟಿ) ಕೊಟ್ಟ ಯಾರಿಗಾದರೂ ಅದು ಕಾಣಬಹುದು, ಶೆಲ್ಲಿನ ಹಿಸ್ಟರಿಯಲ್ಲೂ ಉಳಿಯುತ್ತದೆ. ಒಂದು ಫೈಲಿನಲ್ಲಿಟ್ಟು ಒಡೆಯನಿಗೆ ಮಾತ್ರ ಓದಲು ಬರುವಂತೆ ‘ಸಿಎಚ್‌ಮಾಡ್ 600’ ಮಾಡಿ, ‘ರೆಸ್ಟಿಕ್_ಪಾಸ್‌ವರ್ಡ್_ಫೈಲ್’ ಎಂಬ ಪರಿಸರ ಚರದಲ್ಲಿ ಆ ಫೈಲಿನ ದಾರಿಯನ್ನು ಕೊಡಿ.

ಕೂಡಲಿ, ಶಿವಮೊಗ್ಗ

ವರದಾಮೂಲ ಅವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಆರ್‌ಕ್ಲೋನ್ ಕ್ರಿಪ್ಟ್ (ಫೈಲುಗಳನ್ನು ಗೂಢವಾಗಿಸಿ ಕ್ಲೌಡಿಗೆ ಕಳಿಸುವ ಇನ್ನೊಂದು ಉಪಕರಣ) ಬಳಸಬಹುದಲ್ಲವೇ ಎಂದು ಮುಂದೆ ಯಾರಾದರೂ ಕೇಳುವುದು ಖಂಡಿತ. ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವ ನಮ್ಮಂಥವರು ಎಡವುವ ಜಾಗ ಅಲ್ಲಿದೆ, ಆದ್ದರಿಂದ ಈಗಲೇ ಬರೆಯುತ್ತೇನೆ.

ಆರ್‌ಕ್ಲೋನ್ ಪ್ರತಿ ಫೈಲನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡಿ, ಹೆಸರನ್ನೂ ಗೂಢವಾಗಿಸಿ ಮೇಲಿಡುತ್ತದೆ. ಗೂಢವಾದ ಹೆಸರು ಮೂಲಕ್ಕಿಂತ ಉದ್ದವಾಗುತ್ತದೆ. ಹೆಸರಿಗೆ 255ರ ಮಿತಿಯಿರುವ ಕಡೆ ಮೂಲ ಹೆಸರು 143 ಬೈಟ್ ದಾಟುವಂತಿಲ್ಲ. ಇಂಗ್ಲಿಷ್ ಹೆಸರಿಗೆ ಅದು ಧಾರಾಳವಾಯಿತು. ಆದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಹಲಂತ, ಎಲ್ಲವೂ ಪ್ರತ್ಯೇಕ ಸಂಕೇತಗಳೇ. ಕಣ್ಣಿಗೆ ನಾಲ್ಕಕ್ಷರವಾಗಿ ಕಾಣುವ ‘ತೀರ್ಥಹಳ್ಳಿ’ ಯಂತ್ರದ ಲೆಕ್ಕದಲ್ಲಿ ಹತ್ತು ಸಂಕೇತ, ಮೂವತ್ತು ಬೈಟ್. ಹೀಗೆ ನೋಡಿದರೆ 47 ಸಂಕೇತಗಳಿಗೆ ನಿಮ್ಮ ಹೆಸರು ಮುಗಿಯಬೇಕು. ಸದಸ್ಯರ ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರು ಎಲ್ಲವನ್ನೂ ಫೈಲಿನ ಹೆಸರಿನಲ್ಲೇ ಬರೆಯುವ ಪದ್ಧತಿ ನಮ್ಮ ಕಚೇರಿಗಳಲ್ಲಿ ಉಂಟಲ್ಲ, ಅಂಥವು ಅಪ್‌ಲೋಡಿನಲ್ಲಿ ಬಿದ್ದುಹೋಗುತ್ತವೆ. ರೆಸ್ಟಿಕ್‌ನಲ್ಲಿ ಹೆಸರುಗಳು ಗೂಢ ತುಂಡುಗಳ ಒಳಗೇ ಅಡಗಿರುವುದರಿಂದ ಈ ತೊಡಕಿಲ್ಲ. ಉದ್ದದ ಹೆಸರುಗಳು ಎಷ್ಟಿವೆ ಎಂದು ತಿಳಿಯಲು ‘ಫೈಂಡ್’ನಿಂದ ಹೆಸರುಗಳನ್ನಷ್ಟೇ ಮುದ್ರಿಸಿ, ‘ಎಲ್‌ಸಿ_ಆಲ್=ಸಿ’ ಇಟ್ಟ ಆಕ್ ಎಂಬ ಆದೇಶಕ್ಕೆ ಪೈಪ್ ಮಾಡಿ (ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹರಿಸಿ), 143ಕ್ಕಿಂತ ಉದ್ದವಿರುವ ಸಾಲುಗಳನ್ನು ಕೇಳಿ; ‘ಸಿ’ ಎಂದಿಟ್ಟಾಗ ಅದು ಅಕ್ಷರಗಳನ್ನಲ್ಲ, ಬೈಟುಗಳನ್ನು ಎಣಿಸುತ್ತದೆ.

ಎರಡನೆಯದು ಡೇಟಾಬೇಸ್. ಓಡುತ್ತಿರುವ ಮೈಎಸ್‌ಕ್ಯುಎಲ್‌ನ ಫೋಲ್ಡರನ್ನು ಹಾಗೆಯೇ ನಕಲಿಸಿದರೆ ಅರ್ಧ ಬರೆದ ಸ್ಥಿತಿ ಸಿಗುತ್ತದೆ. ‘ಮೈಎಸ್‌ಕ್ಯುಎಲ್‌ಡಂಪ್ --ಸಿಂಗಲ್-ಟ್ರಾನ್ಸಾಕ್ಷನ್’ ಕೊಟ್ಟರೆ ಬಿಲ್ಲಿಂಗನ್ನು ನಿಲ್ಲಿಸದೆಯೇ ಒಂದು ಕ್ಷಣದ ಸುಸಂಗತ ಚಿತ್ರ ಬರುತ್ತದೆ. ಆದರೆ ಈ ಭರವಸೆ ಇನ್ನೋಡಿಬಿ ಎಂಬ ಬಗೆಯ ಟೇಬಲ್ಲುಗಳಿಗೆ ಮಾತ್ರ. ಹಳೆಯ ತಂತ್ರಾಂಶವಾದರೆ ಮೈಐಎಸ್‌ಎಎಮ್ ಎಂಬ ಇನ್ನೊಂದು ಬಗೆಯ ಟೇಬಲ್ಲುಗಳು ಉಳಿದಿರಬಹುದು, ನೋಡಿಕೊಳ್ಳಿ. ಡಂಪನ್ನು (ಹೀಗೆ ಹೊರತೆಗೆದ ಪ್ರತಿಯನ್ನು) ಜಿಜಿಪ್‌ನಿಂದ ಕುಗ್ಗಿಸಿ ಕೊಡಬೇಡಿ. ಕುಗ್ಗಿಸಿದ ಫೈಲಿನಲ್ಲಿ ಒಂದು ಸಾಲು ಬದಲಾದರೂ ಅಲ್ಲಿಂದ ಮುಂದಿನದೆಲ್ಲ ಬದಲಾಗುತ್ತದೆ, ತುಂಡುಗಳ ಮರುಬಳಕೆ ತಪ್ಪುತ್ತದೆ. ಕುಗ್ಗಿಸುವ ಕೆಲಸವನ್ನು 2022ರ 0.14ನೇ ಆವೃತ್ತಿಯಿಂದ ರೆಸ್ಟಿಕ್ ತಾನೇ ಮಾಡುತ್ತದೆ.

ಡಂಪನ್ನು ನೇರವಾಗಿ ರೆಸ್ಟಿಕ್‌ಗೆ ಪೈಪ್ ಮಾಡುವುದಾದರೆ ಇನ್ನೊಂದು ಎಚ್ಚರ ಬೇಕು. ಡಂಪ್ ನಡುವೆ ಕುಸಿದರೂ ರೆಸ್ಟಿಕ್ ತನಗೆ ಬಂದಷ್ಟನ್ನು ಉಳಿಸಿ ಯಶಸ್ಸೆಂದು ವರದಿ ಮಾಡುತ್ತದೆ. 0.17ನೇ ಆವೃತ್ತಿಯಿಂದ ‘--ಸ್ಟಡಿನ್-ಫ್ರಮ್-ಕಮಾಂಡ್’ ಎಂಬ ಆಯ್ಕೆಯಿದೆ. ಅದರಲ್ಲಿ ಡಂಪ್ ಸೋತರೆ ಬ್ಯಾಕಪ್ಪೂ ಸೋಲುತ್ತದೆ. ಡಂಪನ್ನು ಮೊದಲು ಡಿಸ್ಕಿನಲ್ಲಿಟ್ಟು, ‘ಟೇಲ್’ ಕೊಟ್ಟು ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂದಿದೆಯೇ ನೋಡಿ ಆಮೇಲೆ ಕಳಿಸುವ ಹಳೆಯ ಪದ್ಧತಿಯೇ ನನಗೆ ಹೆಚ್ಚು ನೆಮ್ಮದಿ ಕೊಡುತ್ತದೆ. 6 ಜಿಬಿ ಜಾಗಕ್ಕೆ ಜಿಪುಣತನ ಮಾಡುವ ಕಾಲ ಇದಲ್ಲ.

ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಕೃತಜ್ಞತೆಗಳು. ಎಂಟು ದಿನಗಳ ಅನುಭವವನ್ನು, ನನ್ನ ಎಡವಟ್ಟನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮೂರು ವರ್ಷಗಳ ಫೋಲ್ಡರುಗಳು ಸಲೀಸಾಗಿ ಹೋದವು. ನಂತರದ ಫೋಲ್ಡರೊಂದೇ 110 ಜಿಬಿಯಿತ್ತು. ಅದು ಎರಡು ರಾತ್ರಿ ಓಡಿ, ಮೂರನೆಯ ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿ ಇನ್ವರ್ಟರೂ ಕೈಬಿಟ್ಟು ಯಂತ್ರ ಆರಿತು. ಬೆಳಿಗ್ಗೆ ಎದ್ದು ನೋಡಿದರೆ, ಹಳೆಯ ಪ್ರತಿಗಳನ್ನು ಕಳೆಯಲೆಂದು ನಾನು ಬರೆದಿಟ್ಟಿದ್ದ ಸ್ಕ್ರಿಪ್ಟು ‘ಭಂಡಾರಕ್ಕೆ ಈಗಾಗಲೇ ಬೀಗ ಬಿದ್ದಿದೆ’ ಎಂಬ ತಪ್ಪು ತೋರಿಸಿ ನಿಂತಿತ್ತು. ಅಂತರ್ಜಾಲದಲ್ಲಿ ಹುಡುಕಿ ‘ರೆಸ್ಟಿಕ್ ಅನ್‌ಲಾಕ್’ ಕೊಟ್ಟೆ. ಬೀಗ ಬಿಟ್ಟಿತು. ಸ್ಕ್ರಿಪ್ಟನ್ನು ಮತ್ತೆ ಓಡಿಸಿದೆ. ಅದರಲ್ಲಿ ‘ಫರ್ಗೆಟ್ --ಕೀಪ್-ಡೈಲಿ 7 --ಕೀಪ್-ಮಂತ್ಲಿ 12 --ಪ್ರೂನ್’ ಎಂದಿತ್ತು, ಅಂದರೆ ಇತ್ತೀಚಿನ ಏಳು ದಿನಗಳ ಮತ್ತು ಹನ್ನೆರಡು ತಿಂಗಳುಗಳ ತಲಾ ಒಂದು ಪ್ರತಿ ಉಳಿಸಿ ಮಿಕ್ಕಿದ್ದನ್ನು ಕಳೆಯುವ ಆದೇಶ. ಸಂಜೆ ಬ್ಯಾಕಪ್ಪನ್ನು ಮುಂದುವರಿಸಿದಾಗ, ಆಗಲೇ ಮೇಲೆ ಹೋಗಿದ್ದ ಸುಮಾರು 80 ಜಿಬಿ ಮತ್ತೆ ಮೊದಲಿನಿಂದ ಹೋಗಲು ಶುರುವಾಯಿತು. ಮೂರು ರಾತ್ರಿಯ ಕೆಲಸ ಎಲ್ಲಿ ಹೋಯಿತು?

ವರದಾಮೂಲ, ಸಾಗರ

ಇದನ್ನು ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ‘ಪ್ರೂನ್’ ಎಂದರೆ ಯಾವ ಸ್ನ್ಯಾಪ್‌ಶಾಟಿಗೂ ಸೇರದ ತುಂಡುಗಳನ್ನು ಗುಡಿಸಿ ಹಾಕುವ ಆದೇಶ. ನಿಮ್ಮ 110 ಜಿಬಿ ಫೋಲ್ಡರಿನ ಓಟ ಮುಗಿದಿರಲಿಲ್ಲ, ಸ್ನ್ಯಾಪ್‌ಶಾಟ್ ಹುಟ್ಟಿರಲಿಲ್ಲ. ಹೀಗಾಗಿ ಅದರ ಕಣ್ಣಿಗೆ ಆ 80 ಜಿಬಿ ವಾರಸುದಾರರಿಲ್ಲದ ಕಸ. ಕರೆಂಟು ಹೋದಾಗ ಉಳಿದ ಬೀಗ ಇನ್ನೊಂದು ಬ್ಯಾಕಪ್ಪಿಗೆ ಅಡ್ಡ ಬರುವುದಿಲ್ಲ, ಫರ್ಗೆಟ್ ಮತ್ತು ಪ್ರೂನ್‌ಗಳಿಗೆ ಮಾತ್ರ ಅಡ್ಡ ನಿಲ್ಲುತ್ತದೆ. ಆ ಬೀಗ ಅಂದು ನಿಮ್ಮ ಪರವಾಗಿಯೇ ಕೆಲಸ ಮಾಡುತ್ತಿತ್ತು.

ಮೊದಲ ಅಪ್‌ಲೋಡ್ ಪೂರ್ತಿ ಮುಗಿಯುವವರೆಗೆ ಪ್ರೂನನ್ನು ಮುಟ್ಟಬೇಡಿ. ಆಮೇಲೂ ತಿಂಗಳಿಗೊಮ್ಮೆ, ಕೈಯಾರೆ, ಮೊದಲು ‘--ಡ್ರೈ-ರನ್’ (ಏನೂ ಅಳಿಸದೆ, ಏನು ಅಳಿಯಲಿದೆ ಎಂದಷ್ಟೇ ತೋರಿಸುವ ಆಯ್ಕೆ) ಕೊಟ್ಟು ನೋಡಿ ಓಡಿಸಿದರೆ ಸಾಕು. 110 ಜಿಬಿ ಫೋಲ್ಡರನ್ನು ಒಳಗಿನ ಉಪಫೋಲ್ಡರುಗಳಾಗಿ ಒಡೆದು ಕಳಿಸಿ. ಇನ್ನೊಂದು ಮಾತು: ಫರ್ಗೆಟ್ ಲೆಕ್ಕ ಹಾಕುವುದು ಯಂತ್ರದ ಹೆಸರು ಮತ್ತು ದಾರಿಗಳ ಗುಂಪಿನಂತೆ. ವರ್ಷವಾರು ಕಳಿಸಿದ ಸ್ನ್ಯಾಪ್‌ಶಾಟುಗಳು ಬೇರೆಬೇರೆ ಗುಂಪಾಗಿ ಉಳಿದುಕೊಳ್ಳುತ್ತವೆ. ಇಡೀ ಫೋಲ್ಡರಿನ ಒಂದು ಸ್ನ್ಯಾಪ್‌ಶಾಟ್ ಬಂದ ಮೇಲೆ ಅವನ್ನು ಗುರುತು ಸಂಖ್ಯೆ ಕೊಟ್ಟು ನೀವೇ ತೆಗೆಯಬೇಕು.

ಹುಲಿಕಲ್, ಹೊಸನಗರ

ತಡವಾಗಿ ಬಂದಿದ್ದೇನೆ, ಪಾಸ್‌ವರ್ಡ್ ಎಲ್ಲಿಡಬೇಕು ಎಂಬ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಬಂದಂತಿಲ್ಲ. ಸರ್ವರಿನಲ್ಲಿರುವ ಪಾಸ್‌ವರ್ಡ್ ಫೈಲು ಸರ್ವರಿನ ಜೊತೆಗೇ ಸುಡುತ್ತದೆ. ರೆಸ್ಟಿಕ್‌ನಲ್ಲಿ ಪಾಸ್‌ವರ್ಡ್ ಮರೆತರೆ ಬೇರೆ ದಾರಿಯೇ ಇಲ್ಲ, ಕ್ಲೌಡ್ ಕಂಪನಿಯವರೂ ಏನೂ ಮಾಡಲಾರರು. ಓದಲಾರದವರ ಕೈಗೆ ಕೊಡಬೇಕೆಂದೇ ತಾನೇ ನಾವು ಎನ್‌ಕ್ರಿಪ್ಟ್ ಮಾಡಿದ್ದು. ‘ರೆಸ್ಟಿಕ್ ಕೀ ಆಡ್’ ಎಂಬ ಆದೇಶದಿಂದ ಅದೇ ಭಂಡಾರಕ್ಕೆ ಎರಡನೆಯ ಪಾಸ್‌ವರ್ಡ್ ಸೇರಿಸಬಹುದು. ಒಂದು ಸರ್ವರಿನ ನಿತ್ಯದ ಬಳಕೆಗೆ, ಇನ್ನೊಂದು ಕಾರ್ಯದರ್ಶಿಗಳ ವಶದಲ್ಲಿ ಕಾಗದದ ಮೇಲೆ. ಕ್ಲೌಡ್ ಖಾತೆಯ ಪ್ರವೇಶ ವಿವರ, ಭಂಡಾರದ ವಿಳಾಸ ಇವೂ ಅದೇ ಕಾಗದದಲ್ಲಿರಲಿ. ಬೀಗದ ಕೈ ಇದ್ದು ಮನೆ ಯಾವುದೆಂದು ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ. ನೀವು ಕೆಲಸ ಬಿಟ್ಟರೂ, ಊರಲ್ಲಿ ಇಲ್ಲದಿದ್ದರೂ ಇನ್ನೊಬ್ಬರು ತೆರೆಯುವಂತಿರಬೇಕು.

ನಮ್ಮ ಕಡೆ ಕಾಗದಕ್ಕೂ ಆಪತ್ತು ಕಡಿಮೆಯಲ್ಲ. ಆಷಾಢ ಮುಗಿಯುವಷ್ಟರಲ್ಲಿ ಬೀರುವಿನೊಳಗಿನ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ, ಶಾಯಿ ಹರಡುತ್ತದೆ, ಗೋಡೆಗೆ ತಾಗಿದ್ದರೆ ಗೆದ್ದಲಿಗೂ ಆಹ್ವಾನ. ಪೆನ್ಸಿಲ್ಲಿನಲ್ಲಿ ಬರೆಯಿರಿ, ತೇವಕ್ಕೆ ಅದು ಹರಡುವುದಿಲ್ಲ. ಸೊನ್ನೆಯನ್ನೂ ‘ಒ’ ಅಕ್ಷರವನ್ನೂ ಬೆರೆಸದ, ಸಣ್ಣಕ್ಷರದ ಆರೇಳು ಪದಗಳ ಪಾಸ್‌ವರ್ಡಾದರೆ ವರ್ಷ ಕಳೆದ ಮೇಲೂ ಓದಲು ಬರುತ್ತದೆ. ಲಕೋಟೆಗೆ ಮೊಹರು ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಸಂಘದ ತಿಜೋರಿಯಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಇನ್ನೊಂದು.

ಇನ್ನು ಕಳ್ಳರ ವಿಚಾರ. ನಿಮ್ಮ ಸರ್ವರಿಗೆ ನುಗ್ಗಿದವನಿಗೆ ಕ್ಲೌಡಿನ ಕೀಲಿಗಳೂ ಅಲ್ಲೇ ಸಿಗುತ್ತವೆ. ಅವನು ದಾಖಲೆಗಳನ್ನು ಕೆಡಿಸಿ, ಬ್ಯಾಕಪ್ಪನ್ನೂ ಅಳಿಸಿ ಹೋಗಬಹುದು. ಆದ್ದರಿಂದ ಬಕೆಟ್ಟಿಗೆ (ಕ್ಲೌಡಿನಲ್ಲಿ ನಿಮ್ಮ ಪಾಲಿನ ಜಾಗ) ವರ್ಷನಿಂಗ್ (ಅಳಿಸಿದರೂ ಹಳೆಯ ಆವೃತ್ತಿ ಉಳಿಸುವ ಸೌಲಭ್ಯ) ಹಾಕಿ, ಸರ್ವರಿಗೆ ಕೊಡುವ ಕೀಲಿಗೆ ಬೀಗದ ಕಡತಗಳನ್ನು ಬಿಟ್ಟು ಬೇರೇನನ್ನೂ ಶಾಶ್ವತವಾಗಿ ಅಳಿಸುವ ಅಧಿಕಾರ ಕೊಡಬೇಡಿ. ಪ್ರೂನ್ ಮಾಡುವ ಪೂರ್ಣಾಧಿಕಾರದ ಕೀಲಿ ನಿಮ್ಮ ಲ್ಯಾಪ್‌ಟಾಪಿನಲ್ಲಿರಲಿ. ಹೀಗಿದ್ದರೆ ಮೊನ್ನೆಯ ಸ್ಕ್ರಿಪ್ಟು ಅಷ್ಟು ಸುಲಭವಾಗಿ ಓಡುತ್ತಲೂ ಇರಲಿಲ್ಲ.

ಸರ್ವರಿನ ಲಾಗುಗಳು (ಏನೇನು ನಡೆಯಿತೆಂಬ ದಾಖಲೆಗಳು) ಇರುವ ‘/ವಾರ್/ಲಾಗ್’ ಅನ್ನೂ ಬ್ಯಾಕಪ್ಪಿಗೆ ಸೇರಿಸಿ. ಡಿಸ್ಕು ತುಂಬಿತೆಂದು ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್’ ಕೊಟ್ಟು ಹಳೆಯ ಲಾಗುಗಳನ್ನು ಅಳಿಸುವ ಅಭ್ಯಾಸ ಅನೇಕರಿಗಿದೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕೆನ್ನುತ್ತದೆ. ಹೊಸ ಯುಎಸ್‌ಬಿ ಡಿಸ್ಕನ್ನೂ ಕೊಳ್ಳಿ, ಕ್ಲೌಡ್ ಬಂತೆಂದು ಅದು ಬೇಡವಾಗುವುದಿಲ್ಲ; 380 ಜಿಬಿ ವಾಪಸು ಇಳಿಸಲು ದಿನಗಟ್ಟಲೆ ಕಾಯುವ ಬದಲು ಡಿಸ್ಕಿನಿಂದ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ನಕಲು ಮುಗಿದ ಕೂಡಲೇ ಕಿತ್ತಿಡಿ, ಅಷ್ಟೇ.

ತುಂಗಾತೀರ, ತೀರ್ಥಹಳ್ಳಿ

ಹದಿನೇಳನೆಯ ರಾತ್ರಿಗೆ ಎಲ್ಲವೂ ಮೇಲೆ ತಲುಪಿತು. ‘ರೆಸ್ಟಿಕ್ ಚೆಕ್ --ರೀಡ್-ಡೇಟಾ-ಸಬ್‌ಸೆಟ್=1/12’ ಕೊಟ್ಟು ಹನ್ನೆರಡನೆಯ ಒಂದು ಪಾಲನ್ನು ಇಳಿಸಿ ಪರೀಕ್ಷಿಸಿದ್ದೇನೆ; ಮುಂದಿನ ತಿಂಗಳು 2/12, ಹೀಗೆ ಒಂದು ವರ್ಷದಲ್ಲಿ ಒಂದು ಸುತ್ತು. ತಿಂಗಳಿಗೆ ಸುಮಾರು 32 ಜಿಬಿ ಇಳಿಸಬೇಕಾಗುತ್ತದೆ. ಕೆಲವು ಕಂಪನಿಗಳು ಇಳಿಸಿದ್ದಕ್ಕೂ ಶುಲ್ಕ ಹಾಕುತ್ತವೆ, ಆರಿಸುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಮನೆಯ ಲ್ಯಾಪ್‌ಟಾಪಿನಲ್ಲಿ, ಕಾಗದದ ಮೇಲಿನ ಪಾಸ್‌ವರ್ಡನ್ನು ಮಾತ್ರ ನೋಡಿ, ಒಂದು ವರ್ಷದ ಫೋಲ್ಡರನ್ನು ಮರುಸ್ಥಾಪಿಸಿದೆ. ‘ಆರ್‌ಸಿಂಕ್ -ಆರ್‌ಎನ್‌ಸಿ --ಐಟಮೈಜ್-ಚೇಂಜಸ್’ ಕೊಟ್ಟು ಸರ್ವರಿನ ಮೂಲದೊಡನೆ ಹೋಲಿಸಲು ಹೋದಾಗ, ಸರ್ವರಿನಲ್ಲಿದ್ದ 214 ಫೈಲುಗಳು ಲ್ಯಾಪ್‌ಟಾಪಿಗೆ ಬಂದೇ ಇಲ್ಲವೆಂದು ತಿಳಿಯಿತು. ಅವು ಹಳೆಯ ಸ್ಕ್ಯಾನರ್ ತಂತ್ರಾಂಶ ರೂಟ್ (ಸರ್ವರಿನ ಪೂರ್ಣಾಧಿಕಾರದ ಬಳಕೆದಾರ) ಹೆಸರಿನಲ್ಲಿ ಬರೆದಿಟ್ಟ ಫೈಲುಗಳು. ನಾನು ಬ್ಯಾಕಪ್ಪಿಗೆಂದು ಮಾಡಿದ್ದ ಬಳಕೆದಾರನಿಗೆ ಅವನ್ನು ಓದುವ ಅನುಮತಿಯೇ ಇರಲಿಲ್ಲ. ಜರ್ನಲ್ಲಿನಲ್ಲಿ ಹಿಂದೆ ಹೋಗಿ ನೋಡಿದರೆ, ಪ್ರತಿ ರಾತ್ರಿಯೂ ರೆಸ್ಟಿಕ್ 3 ಎಂಬ ನಿರ್ಗಮನ ಸಂಖ್ಯೆ (ಓಟ ಹೇಗೆ ಮುಗಿಯಿತೆಂದು ತಿಳಿಸುವ ಸಂಖ್ಯೆ, ಸೊನ್ನೆಯೆಂದರೆ ಎಲ್ಲ ಸರಿ) ಕೊಟ್ಟು, ಕೆಲವು ಫೈಲುಗಳನ್ನು ಓದಲಾಗಲಿಲ್ಲವೆಂದು ಹೇಳುತ್ತಲೇ ಇತ್ತು. ನನ್ನ ಸ್ಕ್ರಿಪ್ಟು 1 ಬಂದರೆ ಮಾತ್ರ ನನಗೆ ಇಮೇಲ್ ಕಳಿಸುವಂತಿತ್ತು. ಈಗ ಸೊನ್ನೆಯಲ್ಲದ ಯಾವ ಸಂಖ್ಯೆ ಬಂದರೂ ಇಮೇಲ್ ಬರುವಂತೆ ತಿದ್ದಿದ್ದೇನೆ, ಅನುಮತಿಯನ್ನೂ ಸರಿಪಡಿಸಿದ್ದೇನೆ. ನಿನ್ನೆ ರಾತ್ರಿಯ ಓಟದಲ್ಲಿ ಆ 214 ಫೈಲುಗಳೂ ಹೋದವು, ಸಂಖ್ಯೆ ಸೊನ್ನೆ ಬಂತು.